ಬಿಸಿಲಿಗಿಟ್ಟ ಸೆಲ್ಲುಗಳು

ಟಿವಿ ರಿಮೋಟಿನ ಸೆಲ್ಲು ಬಿಚ್ಚಿ ಕಿಟಕಿಯ ಬಿಸಿಲಿಗಿಟ್ಟಿದ್ದೆ. ಕಾದ ಸೆಲ್ಲಿಗೊಂದು ಕಿಲುಬು ವಾಸನೆ ಇರುತ್ತದೆ. ಮೊಮ್ಮಗಳು ನಕ್ಕಳು. "ಇದ್ಯಾರಜ್ಜಿ ನಿಂಗೆ ಹೇಳ್ಕೊಟ್ಟಿದ್ದು?"

ಒಬ್ಬರು ಟೀಚರು, ಅಂದೆ.

ಕವಲಂದೆ ಕಡೆಯ ನಮ್ಮೂರ ಶಾಲೆಗೆ ಅವರು ನಂಜನಗೂಡಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನ್ನ ಮಗಳು ಆಗ ಮೂರನೇ ಕ್ಲಾಸು. ಒಂದು ದಿನ ಟೇಪ್ ರೆಕಾರ್ಡರ್ ತಂದರು. ಮಕ್ಕಳಿಂದ ಪಾಠ ಓದಿಸಿ, ಅವರವರ ದನಿ ಅವರವರಿಗೇ ಕೇಳಿಸುತ್ತಿದ್ದರು. ಶಾಲೆಗೆ ಕರೆಂಟಿರಲಿಲ್ಲ. ಸೆಲ್ಲು ಸೊರಗಿದರೆ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಡುತ್ತಿದ್ದರು.

ಒಂದು ಸಂಜೆ ಮಗಳು ಬಂದವಳೇ, "ಅವ್ವ, ಆಲು ಅನ್ಬಾರ್ದು, ಹಾಲು ಅನ್ಬೇಕು. ನೀ ಅನ್ನೋದು ತಪ್ಪು ಕಣವ್ವ. ಟೇಪಲ್ಲಿ ನಂದು ಕೇಳಿ ಎಲ್ರೂ ನಕ್ರು" ಅಂದಳು.

"ಆಲು ಕುಡ್ದೇ ಇಷ್ಟುದ್ದ ಆಗಿದ್ದೀಯ, ಮುಚ್ಕಂಡು ಕುಡಿ" ಅಂದೆ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆ ಮಾತು ಎಲ್ಲಿ ತಾಕಬೇಕೋ ಅಲ್ಲಿಗೇ ತಾಕಿತ್ತು.

ಮಾರನೇ ದಿನ ಬಟ್ಟೆ ಒಗೆಯಲು ನಾಲೆಗೆ ಹೊರಟಿದ್ದೆ. ಶಾಲೆಯ ಗೋಡೆಯ ಮೇಲೆ ನಾಲ್ಕು ಸೆಲ್ಲು ಸಾಲಾಗಿ ನಿಂತಿದ್ದವು. ಆಚೀಚೆ ನೋಡಿದೆ. ಸೆರಗಿಗೆ ಹಾಕಿಕೊಂಡು ಹೋಗಿ ನಾಲೆಗೆ ಎಸೆದೆ.

ಸಂಜೆ ಟೀಚರು ನಮ್ಮ ಬಾಗಿಲಿಗೇ ಬಂದರು. "ಸೆಲ್ ಏನಾದ್ರೂ ನೋಡಿದ್ರೇನಮ್ಮ?"

"ನಾನ್ಯಾಕ್ ನೋಡ್ಲಿ? ನಿಮ್ ಐಕ್ಳನ್ನೇ ಕೇಳೋಗಿ."

ಅವರು ನನ್ನ ಮುಖ ನೋಡಿ ಹೊರಟುಹೋದರು. ಮಕ್ಕಳನ್ನು ಕೇಳಲೇ ಇಲ್ಲವಂತೆ.

ಟೇಪ್ ರೆಕಾರ್ಡರ್ ಮತ್ತೆ ಬರಲಿಲ್ಲ. ಬದಲಿಗೆ ಟೀಚರು ಮಕ್ಕಳ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ 'ಹ' ಅನ್ನಿಸಿದರಂತೆ. ಉಸಿರು ತಾಕಿದರೆ ಸರಿ. ಕಲಿಸುವುದೇನೋ ಹಾಗೂ ಕಲಿಸಿದರು. ಮಗಳು ಮಾತ್ರ, ತನ್ನ ದನಿ ಇನ್ನೊಂದು ಸಲ ಕೇಳಬೇಕಿತ್ತು ಎಂದು ತಿಂಗಳುಗಟ್ಟಲೆ ಗೊಣಗಿದಳು. ಹಾಗೆ ಗೊಣಗುತ್ತಲೇ ಒಮ್ಮೆ ಅಂದಳು: "ಮೊದ್ಲು ಟೀಚರ್ ಅವರ ದನಿನೇ ಹಾಕಿದ್ರು ಕಣವ್ವ. ಅವರೂ ಅಳ್ಳಿ, ಆಲು ಅಂದಿದ್ರು. 'ನಮ್ಮವ್ವನೂ ಇಂಗೇ ಅನ್ನೋದು, ಮನೇಲಿ ನಾನೂ ಇಂಗೇ, ಓದಿ ಬರೆಯೋವಾಗ ಮಾತ್ರ ಹ ಬೇಕು' ಅಂದ್ರು ಟೀಚರು. ನಾವು ಮೊದ್ಲು ನಕ್ಕಿದ್ದು ಅವರಿಗೇ."

ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೇ ರೇಗಿದೆ. ಹೇಳಲು ನಾನೆಲ್ಲಿ ಬಿಟ್ಟಿದ್ದೆ...

ಮುಂದಿನ ವರ್ಷ ಅವರಿಗೆ ಹೆಮ್ಮಿಗೆಗೆ ವರ್ಗವಾಯಿತು. ಆಮೇಲೆ ತಲಕಾಡಿಗೆ ಎರಡು ಸಲ ಹೋಗಿಬಂದೆ. ಅಷ್ಟು ಹತ್ತಿರವಿದ್ದರೂ ಹೆಮ್ಮಿಗೆಯ ಕಡೆ ಮುಖ ಹಾಕಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು.

ಮೊಮ್ಮಗಳು ಈಗ ಬಿ.ಎಡ್. ಓದುತ್ತಿದ್ದಾಳೆ. ನಾಳೆ ಟೀಚರಾದ ಮೇಲೆ ಕ್ಲಾಸಿನಲ್ಲಿ ಮೊಬೈಲು, ಪರದೆ ಎಲ್ಲ ಹೇಗೆ ಬಳಸುತ್ತೀ ಎಂದು ಬರೆಯಬೇಕಂತೆ. ನನ್ನನ್ನು ಕೇಳಿಯೇ ನನ್ನ ಮಾತು ಮೊಬೈಲಿನಲ್ಲಿ ರೆಕಾರ್ಡಿಗೆ ಹಾಕಿಕೊಂಡು ಕೂತಳು. ಇದನ್ನೆಲ್ಲ ಹೇಳಿದೆ. ಅವಳ ನಗು ನಿಂತಿತು.

"ಮಕ್ಕಳ ದನಿ ಹಿಡಿಯೋಕ್ ಮುಂಚೆ ಅವರ ಅವ್ವಂದಿರನ್ನ ಕರ್ದು ಕೂರಿಸ್ತೀನಿ ಅಂತ ಬರೀಲಾ ಅಜ್ಜಿ?"

"ಬರಿ. ಆ ನಾಕ್ ಸೆಲ್ಲೂ ಬರಿ."

ಆಮೇಲೆ ನನ್ನ ಮಾತನ್ನು ನನಗೇ ಕೇಳಿಸಿದಳು. ಕೊನೆಯಲ್ಲಿ ಒಂದು ಮುದಿ ದನಿ, "ನಾ ಟೀಚರ್ಗೆ ಏಳ್ಲೇ ಇಲ್ಲ" ಅಂದಿತು. ಅದರಲ್ಲಿ 'ಹ' ಇರಲಿಲ್ಲ. ಕೇಳಬೇಕಾದವರೂ ಇರಲಿಲ್ಲ.