ನಾನು ನೋಡಿ ಬಂದ ಹೆರಿಗೆ ಕೋಣೆ

ಮದುವೆಯಾಗಿ ವರ್ಷ ತುಂಬಿದಾಗ, ಮಗುವಿಗಿಂತ ಮೊದಲು ಮನೆಗೆ ಆರೋಗ್ಯ ವಿಮೆ ಬರಬೇಕೆಂದು ಹಟ ಹಿಡಿದೆ. ಹೆರಿಗೆ ಖರ್ಚು ಕೊಡಲು ಕೆಲವು ಕಂಪನಿಗಳು ವರ್ಷಗಟ್ಟಲೆ ಕಾಯಿಸುತ್ತವೆ ಎಂದು ಓದಿದ್ದೇ ತಡ, ನಮ್ಮ ಇಡೀ ಇಂಡಿ ಊರಿನಲ್ಲಿ ನನ್ನಷ್ಟು ತಿಳಿದವನಿಲ್ಲ ಎಂಬ ಗತ್ತು ಬಂತು. ಬೇಗ ಕೊಡುವ ಪಾಲಿಸಿಯನ್ನೇ ಹುಡುಕಿ ಮಾಡಿಸಿದೆ. ನಮ್ಮ ಓಣಿಯ ಆಸ್ಪತ್ರೆಯಲ್ಲಿ ಅದು ಕ್ಯಾಶ್‌ಲೆಸ್ ಎಂದು ಖಾತ್ರಿ ಮಾಡಿಕೊಂಡೆ. ಅಲ್ಲಿ ಗಾಳಿ ಬರುವ ಕೋಣೆ ಯಾವುದೆಂದು ಹೋಗಿ ನೋಡಿಯೂ ಬಂದೆ.

ಕಾಯುವ ಅವಧಿ ಮುಗಿಯಿತು, ಹೆಂಡತಿ ಬಸುರಿಯಾದಳು. ಮುದ್ದೇಬಿಹಾಳದಿಂದ ಬಂದ ಅತ್ತೆಗೆ ಎಲ್ಲ ವಿವರಿಸಿ ಹೊಗಳಿಕೆಗೆ ಕಾದು ಕುಳಿತೆ.

“ಚೊಚ್ಚಲ ಹೆರಿಗಿ ತವರಮನ್ಯಾಗ ಅಲ್ಲೇನ್ರಿ? ಏಳನೇ ತಿಂಗಳದಾಗ ಬಂದು ಕರಕೊಂಡು ಹೋಗ್ತೇವಿ,” ಎಂದರು.

ಅವರ ಊರಿನ ಒಂದು ಆಸ್ಪತ್ರೆಯೂ ನನ್ನ ಪಾಲಿಸಿಯಲ್ಲಿ ಇರಲಿಲ್ಲ. ಹೆಂಡತಿಯ ಮೇಲೆ ಸಿಡಿದೆ: “ಮೊದಲಽ ಯಾಕ ಹೇಳಲಿಲ್ಲ? ಎಂಥಾ ಚಲೋ ಕೋಣಿ ನೋಡಿ ಬಂದೇನಿ!”

ಆಕೆ ಮೆಂತೆ ಸೊಪ್ಪು ಬಿಡಿಸುತ್ತಲೇ, ತಲೆ ಎತ್ತದೆ ಹೇಳಿದಳು: “ನನ್ನ ಯಾವಾಗ ಕೇಳಿದ್ರಿ? ಕೋಣಿ ಅಷ್ಟು ಚಲೋ ಇದ್ರ, ಅಲ್ಲಿ ನೀವಽ ಹಡೀರಿ.”