ಟೂಸಾನಿಗೆ ನಾನು ಬರೆಯದ ಕಾಗದ

ಮೇರಿಲ್ಯಾಂಡಿನ ಬೇಸಿಗೆಯನ್ನು ಹೊಗಳುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹಸಿರು, ಹಸಿರು ಎನ್ನುತ್ತಾರೆ. ಆ ಹಸಿರು ನಮ್ಮ ಮನೆಯ ಬ್ರೆಡ್ಡಿನ ಮೇಲೂ ಬರುತ್ತಿತ್ತು, ಬೇಸ್‌ಮೆಂಟಿನಲ್ಲಿಟ್ಟ ಚಪ್ಪಲಿಯ ಮೇಲೂ ಬರುತ್ತಿತ್ತು. ಬೆಳಿಗ್ಗೆ ಹರವಿದ ಸೀರೆ ಸಂಜೆ ಮುಟ್ಟಿದರೆ ಕೈಗೆ ತಣ್ಣಗೆ ಅಂಟುತ್ತಿತ್ತು. ನಾನು ಅಲ್ಲಿ ಇರಬೇಕಾದವಳಲ್ಲ. ಅರಿಜೋನಾದ ಟೂಸಾನಿನಲ್ಲಿ, ಮರಳುಗಾಡಿನ ಊರಿನಲ್ಲಿ, ಇರಬೇಕಾದವಳು. ಅಲ್ಲಿಗೆ ವಾಪಸು ಬಾ ಎಂಬ ಕರೆ ಒಮ್ಮೆ ಬಂದಿತ್ತು. ಬರುವುದಿಲ್ಲ ಎಂದು ಹೋದ ಉತ್ತರದ ಕೆಳಗೆ ಇದ್ದದ್ದು ನನ್ನದೇ ಸಹಿ. ಅದು ಹೇಗಾಯಿತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ನನ್ನ ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರು. ಮನೆಯಲ್ಲೂ ಗಂಟೆಯ ಪ್ರಕಾರವೇ ನಡೆಯಬೇಕು. ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಐದೂವರೆಗೆ ಪುಸ್ತಕ. ಮೈಸೂರಿನ ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಬೇರೆ ಹುಡುಗಿಯರು ಮುಸುಕೆಳೆದು ಮಲಗಿರುವಾಗ ನಾನು ಹಾಸಿಗೆ ಮಡಿಸಿಟ್ಟು ಕೂತಿರುತ್ತಿದ್ದೆ. ಅರವತ್ತೆಂಟರಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಬಂದಾಗ ಮೊದಲು ಇಳಿದದ್ದು ಟೂಸಾನಿನಲ್ಲಿ. ಅವರಿಗೆ ಅಲ್ಲಿನ ವಿಶ್ವವಿದ್ಯಾಲಯದ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ. ನನಗೆ ಆಸ್ಪತ್ರೆಯಲ್ಲಿ ಪೆಥಾಲಜಿ ತರಬೇತಿ. ಬಂದ ಒಂದು ವಾರಕ್ಕೆ ನನಗೆ ಗೊತ್ತಾಯಿತು, ಈ ಊರು ನನ್ನ ವೇಳಾಪಟ್ಟಿಯ ಪ್ರಕಾರವೇ ನಡೆಯುತ್ತದೆ ಎಂದು.

ಬಿಸಿಲು ಏರುವುದರೊಳಗೆ ಕೆಲಸ ಮುಗಿಯಬೇಕು ಎನ್ನುವುದು ಅಲ್ಲಿ ಎಲ್ಲರಿಗೂ ತಿಳಿದ ವಿಷಯ. ಬೆಳಿಗ್ಗೆ ಐದಕ್ಕೆ ಬೀದಿಯಲ್ಲಿ ಜನ. ಪಕ್ಕದ ಮನೆಯಾತ ಐದೂಕಾಲಿಗೆ ಏಣಿ ಹಾಕಿ ಬಣ್ಣ ಬಳಿಯುತ್ತಿದ್ದ, ಒಂಬತ್ತಕ್ಕೆ ಏಣಿ ಒಳಗೆ. ನನ್ನನ್ನು ನೋಡಿ ಯಾರೂ "ಇಷ್ಟು ಬೇಗ ಯಾಕೆ ಏಳ್ತೀರಿ?" ಎಂದು ಕೇಳಲಿಲ್ಲ. ಮನೆಯ ಮೇಲೆ ಕೂಲರ್ ಇತ್ತು. ಒಣ ನಾರಿನ ಮೇಲೆ ನೀರು ಸುರಿಸಿ ಗಾಳಿ ಎಳೆಯುವುದು, ನಮ್ಮ ಕಡೆ ಲಾವಂಚದ ಚಾಪೆ ಕಟ್ಟುವ ಹಾಗೆ. ಊರಿನ ನದಿಗೆ ದೊಡ್ಡ ಸೇತುವೆ ಇತ್ತು, ನದಿಯಲ್ಲಿ ನೀರು ಮಾತ್ರ ಇರಲಿಲ್ಲ. ನನಗೆ ಅದೂ ಇಷ್ಟ. ಇಲ್ಲದ್ದು ಇಲ್ಲ ಎಂದು ಒಪ್ಪಿಕೊಂಡ ಊರು ಅದು. ಜುಲೈನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಗುಡುಗಿ, ಅರ್ಧ ಗಂಟೆ ಸುರಿದು, ನಿಂತುಬಿಡುತ್ತಿತ್ತು. ಮಳೆಯೂ ಟೈಮಿಗೆ ಸರಿಯಾಗಿ.

ಅಲ್ಲಿ ಕಷ್ಟವಿರಲಿಲ್ಲವೆಂದಲ್ಲ. ಕಾರಿನ ಸ್ಟಿಯರಿಂಗ್ ಹಿಡಿಯಲು ಬಟ್ಟೆ ಬೇಕಾಗುತ್ತಿತ್ತು. ಬೂಟು ಕೊಡವದೆ ಕಾಲು ಹಾಕಿದರೆ ಚೇಳು. ತುಟಿ ಒಡೆದು ರಕ್ತ ಬರುತ್ತಿತ್ತು. ಆದರೆ ಇವೆಲ್ಲ ಎಚ್ಚರಿಕೆಯಿಂದ ಇದ್ದರೆ ತಪ್ಪುವ ಕಷ್ಟಗಳು. ಮೇರಿಲ್ಯಾಂಡಿನ ಬೂಷ್ಟಿಗೆ ಏನು ಎಚ್ಚರಿಕೆ ವಹಿಸುತ್ತೀರಿ?

ಅಲ್ಲಿ ನಾನು ಸಂಡಿಗೆ ಹಾಕುತ್ತಿದ್ದೆ. ಅಮೆರಿಕನ್ನರು ಪುಡಿಂಗಿಗೆಂದು ಕೊಳ್ಳುವ ಸಬ್ಬಕ್ಕಿ ತಂದು, ಬೇಯಿಸಿ, ಕಾರು ನಿಲ್ಲಿಸುವ ಚಪ್ಪರದ ಮೇಲೆ ಬಿಳಿ ಪಂಚೆ ಹಾಸಿ ಬೆಳಿಗ್ಗೆ ಐದಕ್ಕೆ ಇಟ್ಟರೆ ಮಧ್ಯಾಹ್ನಕ್ಕೆ ಗಲಗಲ ಒಣಗಿರುತ್ತಿತ್ತು. ನಮ್ಮೂರಲ್ಲಿ ಮೂರು ದಿನದ ಕೆಲಸ. ಒಮ್ಮೆ ಕರಿದು ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ನಮ್ಮ ಪೆಥಾಲಜಿ ವಿಭಾಗದ ಮುಖ್ಯಸ್ಥರು, ಅರವತ್ತು ದಾಟಿದ ಗಿಡ್ಡ ಮನುಷ್ಯ, ಮೈಕ್ರೊಸ್ಕೋಪಿನ ಪಕ್ಕದಲ್ಲೇ ನಿಂತು ಆರು ತಿಂದರು. ತರಬೇತಿಯ ಕೊನೆಯ ವರ್ಷ ಅವರು ನನ್ನ ವರದಿಗಳನ್ನು ನನ್ನ ಸಹಿಯಲ್ಲೇ ಕಳಿಸತೊಡಗಿದರು. ಇದು ಗಡ್ಡೆ, ಇದು ಕ್ಯಾನ್ಸರ್, ಇದು ಅಲ್ಲ. ಕೆಳಗೆ ನನ್ನ ಹೆಸರು. ಒಬ್ಬ ಪೆಥಾಲಜಿಸ್ಟಿಗೆ ಅದಕ್ಕಿಂತ ದೊಡ್ಡದು ಇನ್ನೇನೂ ಇಲ್ಲ.

ಎಪ್ಪತ್ತೆರಡರಲ್ಲಿ ನನ್ನ ಗಂಡನಿಗೆ ವಾಷಿಂಗ್ಟನ್ ಹತ್ತಿರ ಸರ್ಕಾರಿ ಲ್ಯಾಬಿನಲ್ಲಿ ಕೆಲಸವಾಯಿತು. ಟೂಸಾನಿನಲ್ಲೇ ಹುಟ್ಟಿದ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಹೊರಟೆವು. ಮೇರಿಲ್ಯಾಂಡಿನ ರಾಕ್‌ವಿಲ್ಲಿನಲ್ಲಿ ಮನೆ ಮಾಡಿದೆವು. ನನಗೆ ಸಿಕ್ಕಿದ ಆಸ್ಪತ್ರೆಯಲ್ಲಿ ನಾನು ಮೂವರಲ್ಲಿ ಮೂರನೆಯವಳು. ಶವಪರೀಕ್ಷೆಗಳೆಲ್ಲ ನನಗೆ. ಸ್ಲೈಡ್ ನೋಡುವವಳು ನಾನು, ಸಹಿ ಹಾಕುವವನು ನನಗಿಂತ ಎರಡು ವರ್ಷ ಕಿರಿಯ. ಎರಡು ವರ್ಷ ಹಲ್ಲು ಕಚ್ಚಿಕೊಂಡು ಇದ್ದೆ.

ಈಗ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನನ್ನ ಮಾವನವರು ಅಮಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಸಾಹೇಬರ ಮುಂದೆ ಕಾಗದಗಳನ್ನು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಜಾರಿಸಿ, ಸಹಿಯ ಜಾಗ ಮಾತ್ರ ಕಾಣುವ ಹಾಗೆ ಇಡುವುದರಲ್ಲಿ ಅವರದು ಎತ್ತಿದ ಕೈ. ಮಗ ಅದನ್ನು ನೋಡಿ ಕಲಿತಿದ್ದರು. ಭಾನುವಾರ ಉಪ್ಪಿಟ್ಟು ಮುಗಿದ ಮೇಲೆ ಊಟದ ಮೇಜಿನ ಮೇಲೆ ಟೈಪ್‌ರೈಟರ್ ಬರುತ್ತಿತ್ತು. ವಾರದ ಕಾಗದಗಳನ್ನೆಲ್ಲ ಅವರು ಟೈಪ್ ಮಾಡುವರು: ವಿಮೆಯವರಿಗೆ, ಮಗಳ ಶಾಲೆಗೆ, ಲೈಸೆನ್ಸ್ ಬೋರ್ಡಿಗೆ. ಎಲ್ಲದಕ್ಕೂ ಕಾರ್ಬನ್ ಪ್ರತಿ. ಆಮೇಲೆ ಮೆಟ್ಟಿಲು ಮಾಡಿ ನನ್ನ ಮುಂದೆ ಇಟ್ಟು, ಬೆರಳಿನಿಂದ "ಇಲ್ಲಿ, ಇಲ್ಲಿ" ಎನ್ನುವರು. ನಾನು ಸರಸರ ಸಹಿ ಹಾಕುವೆ.

"ಅಮಲ್ದಾರಮ್ಮನವರ ದಸ್ಕತ್ತು ಮುಗೀತು," ಎಂದು ಅವರು ನಗುತ್ತಿದ್ದರು.

ಎಷ್ಟೇ ಕಾಗದವಿದ್ದರೂ ಐದು ನಿಮಿಷ ಮೀರುತ್ತಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಬೇರೆ! ಅಪ್ಪನ ಮನೆಯಲ್ಲೂ ಹಾಗೇ. ಅಪ್ಪ ತೋರಿಸಿದ ಕಡೆ ಸಹಿ ಹಾಕುವುದು, ಓದುವುದೆಂದರೆ ಅವರನ್ನು ಅನುಮಾನಿಸಿದ ಹಾಗೆ. ಆಸ್ಪತ್ರೆಯಲ್ಲಿ ಒಂದು ಜೀವಕೋಶವನ್ನೂ ನೋಡದೆ ಬಿಡದವಳು ಮನೆಯಲ್ಲಿ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದೆ.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಟೂಸಾನಿನ ಮುಖ್ಯಸ್ಥರಿಂದ ಕಾಗದ ಬಂತು. ಒಂದು ಜಾಗ ಖಾಲಿಯಾಗುತ್ತಿದೆ, ಅದನ್ನು ನಿಮಗಾಗಿ ಇಟ್ಟಿದ್ದೇನೆ, ಮಾರ್ಚ್ ಮುಗಿಯುವುದರೊಳಗೆ ತಿಳಿಸಿ ಎಂದಿದ್ದರು. ಕೊನೆಯಲ್ಲಿ ಕೈಯಲ್ಲಿ ಬರೆದಿದ್ದರು: ಬರುವಾಗ ಆ ಬಿಳಿ ಕುರುಕಲು ತರುವುದನ್ನು ಮರೆಯಬೇಡಿ.

ಗಂಡನಿಗೆ ತೋರಿಸಿದೆ. "ನೋಡೋಣ," ಎಂದರು. ಅವರ ಹಳೆಯ ಲ್ಯಾಬಿನವರೂ ಅವರನ್ನು ಬಾ ಎನ್ನುತ್ತಲೇ ಇದ್ದರು, ಆದ್ದರಿಂದ ಅವರು ಅಲ್ಲಿ ಬರಿಗೈಯಲ್ಲಿ ಕೂರಬೇಕಾಗಿರಲಿಲ್ಲ. ಎರಡು ವಾರ ನೋಡೋಣ ಎಂದೇ ಹೇಳಿದರು. ಆ ನಡುವೆ ನಮ್ಮ ಕನ್ನಡದವರೊಬ್ಬರ ಮನೆಯಲ್ಲಿ ಊಟವಿತ್ತು. ಅಲ್ಲಿನ ಹಿರಿಯ ಹೆಂಗಸು, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು, ಸುದ್ದಿ ಕೇಳಿ ಸೌಟು ಹಿಡಿದುಕೊಂಡೇ ನಕ್ಕರು.

"ಏನೇ, ವನವಾಸಕ್ಕೆ ಹೊರಟ್ಯಂತೆ? ರಾಮ ಹೊರಟರೆ ಸೀತೆ ಹೋಗೋದು ನೋಡಿದೀವಿ. ಇಲ್ಲಿ ಸೀತೇನೇ ಮುಂದೆ!"

"ವನ ಎಲ್ಲಿಂದ ಬಂತು ಅಕ್ಕ, ಅಲ್ಲಿ ಮರವೇ ಇಲ್ವಲ್ಲ," ಎಂದರು ನನ್ನ ಗಂಡ. "ಹೋದ್ರೆ ನನಗೊಂದು ಒಂಟೆ ಕೊಡಿಸ್ತಾಳಂತೆ, ಕಮ್ಯೂಟ್ ಮಾಡಕ್ಕೆ."

ಎಲ್ಲರೂ ನಕ್ಕರು. ಅಕ್ಕ ಕರಿದು ಹಂಚುತ್ತಿದ್ದದ್ದು ನಾನು ಟೂಸಾನಿನಿಂದ ಡಬ್ಬ ತುಂಬಿ ತಂದಿದ್ದ ಸಂಡಿಗೆಯ ಕೊನೆಯ ಪಾಲು. ಮರಳುಗಾಡು ಬೇಡ, ಅಲ್ಲಿ ಒಣಗಿದ ಸಂಡಿಗೆ ಬೇಕು. ಅದನ್ನು ನಾನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಮಾರ್ಚಿನ ಎರಡನೆಯ ಭಾನುವಾರ ಟೈಪ್‌ರೈಟರ್ ತೆಗೆಯುವಾಗ ನಾನು ಸ್ಪಷ್ಟವಾಗಿ ಹೇಳಿದೆ: "ಟೂಸಾನಿಗೆ ಇವತ್ತು ಬರೀರಿ. ಬರ್ತೀನಿ ಅಂತ."

"ಆಯ್ತು," ಎಂದರು.

ಟಕಟಕ ಟೈಪ್ ಮಾಡಿದರು. ನಾನು ಪಾತ್ರೆ ತೊಳೆದು ಬಂದೆ. ಮೆಟ್ಟಿಲು ಸಿದ್ಧವಾಗಿತ್ತು. ಇಲ್ಲಿ, ಇಲ್ಲಿ, ಇಲ್ಲಿ. ಒಂಬತ್ತು ಸಹಿ. ಅವರೇ ಅಂಚೆಗೆ ಹಾಕಿ ಬಂದರು.

ಮರುದಿನದಿಂದಲೇ ನಾನು ಪೆಟ್ಟಿಗೆ ಕಟ್ಟತೊಡಗಿದೆ. ದಿನಕ್ಕೊಂದು, ಅದಕ್ಕೊಂದು ನಂಬರು, ಒಳಗೇನಿದೆ ಎಂಬ ಪಟ್ಟಿ. ಐದು ವರ್ಷದ ಮಗಳೂ ತನ್ನ ಗೊಂಬೆಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಕ್ರೇಯಾನಿನಲ್ಲಿ ತನ್ನ ನಂಬರು ಬರೆದಳು. ನನ್ನ ಗಂಡ ಆ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಮೂರು ವಾರ ಓಡಾಡಿದರು. ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಟೇಪು ಮುಗಿದಿದೆ ಎಂದರೆ ತಂದುಕೊಟ್ಟರು!

ಏಪ್ರಿಲ್‌ನಲ್ಲಿ ಉತ್ತರ ಬಂತು. ನಿಮ್ಮ ನಿರ್ಧಾರದಿಂದ ಬೇಸರವಾಯಿತು, ಆದರೆ ಸಂಸಾರದ ಕಾರಣಗಳನ್ನು ನಾನು ಗೌರವಿಸುತ್ತೇನೆ, ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ ಎಂದಿತ್ತು. ಓದಿದೆ. ಮತ್ತೆ ಓದಿದೆ. ಗಂಡನ ಕಾರ್ಬನ್ ಫೈಲು ತೆಗೆದೆ. ಪಾಪ, ಅಚ್ಚುಕಟ್ಟಿನ ಮನುಷ್ಯ, ತಾರೀಖಿನ ಪ್ರಕಾರ ಎಲ್ಲ ಇಟ್ಟಿದ್ದರು. ಆ ಭಾನುವಾರದ ಐದನೆಯ ಕಾಗದ. ಒಳ್ಳೆಯ ಇಂಗ್ಲಿಷು. ಆಳವಾಗಿ ಯೋಚಿಸಿ, ಪತಿಯ ವೃತ್ತಿ ಮತ್ತು ಮಗಳ ಹಿತದೃಷ್ಟಿಯಿಂದ, ನಾನು ಈ ಗೌರವವನ್ನು ಸ್ವೀಕರಿಸಲಾರೆ. ನಾನು!

ಸಂಜೆ ಅವರು ಕೋಟು ಬಿಚ್ಚುವ ಮೊದಲೇ ಅದನ್ನು ಮುಂದೆ ಹಿಡಿದೆ.

"ಇದೇನ್ರೀ?"

ನೋಡಿದರು. ಕೋಟನ್ನು ನಿಧಾನವಾಗಿ ತೂಗುಹಾಕಿದರು. "ಹೇಳೋಣ ಅಂತಿದ್ದೆ."

"ಬರ್ತೀನಿ ಅಂತ ಬರೀರಿ ಅಂದಿದ್ದೆ. ಆಯ್ತು ಅಂದ್ರಿ."

"ಅಂದೆ. ಟೈಪ್ ಮಾಡಕ್ಕೆ ಕೂತ್ಮೇಲೆ ಯೋಚನೆ ಮಾಡ್ದೆ. ಆ ಊರಲ್ಲಿ ಏನಿದೆ ಹೇಳು? ನಮ್ಮವರು ನಾಲ್ಕು ಜನ ಇಲ್ಲ. ನಾನು ಮತ್ತೆ ಆ ಹಳೇ ಲ್ಯಾಬಲ್ಲಿ ಇನ್ನೊಬ್ಬನ ಕೆಳಗೆ ಕೈಕಟ್ಟಿ ನಿಲ್ಲಬೇಕಾ?"

"ನಾನು ಇಲ್ಲಿ ಎರಡು ವರ್ಷದಿಂದ ನಿಂತಿಲ್ವಾ?"

"ನಿಂದು ಬೇರೆ."

"ಏನು ಬೇರೆ?"

ಆಮೇಲೆ ಅವರು ಹೇಳಿದ ಮಾತನ್ನು ನಾನು ಅಕ್ಷರ ಬಿಡದೆ ನೆನಪಿಟ್ಟಿದ್ದೇನೆ. "ನಾನೇನು ಫೋರ್ಜರಿ ಮಾಡಿದ್ನಾ? ನಿನ್ನ ಮುಂದೇನೇ ಇಟ್ಟೆ. ಸೈನ್ ಮಾಡಿದ್ದು ನೀನು. ಓದ್ಬೇಕಿತ್ತು."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಮ್ಮ, ನಾವು ಮೂವ್ ಮಾಡಲ್ವಾ? ನನ್ನ ಡಾಲ್ಸ್ ತೆಗೀಲಾ?"

"ತೆಗಿ," ಎಂದೆ.

ಮರುದಿನ ಆಸ್ಪತ್ರೆಯಿಂದ ಟೂಸಾನಿಗೆ ಫೋನ್ ಮಾಡಿದೆ. ಮುಖ್ಯಸ್ಥರೇ ತೆಗೆದುಕೊಂಡರು. "ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಮಾತಾಡುವ ಧಾಟಿ ಅದರಲ್ಲಿ ಇರಲಿಲ್ಲ. ನಿಜವಾಗಿ ನೀವೇ ಬರೆದದ್ದೋ?" ಎಂದು ಕೇಳಿದರು. ಆ ಜಾಗಕ್ಕೆ ಆರಿಸಿದವನು ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ ಎಂದೂ ಸೇರಿಸಿದರು. ಬೇರೆ ಇನ್ನೇನು ಹೇಳಬೇಕು ಅವರು? ನಾನು ಹೂಂ, ಇಲ್ಲ ಎರಡರಲ್ಲಿ ಒಂದು ಹೇಳಬೇಕಿತ್ತು, ಅಷ್ಟೇ. ಇಲ್ಲ ಎಂದರೆ, ನನ್ನ ಗಂಡ ನನಗೆ ತಿಳಿಸದೆ ಬರೆದರು ಎಂದು ಪರದೇಶದ ಮನುಷ್ಯನೊಬ್ಬನಿಗೆ ಹೇಳಬೇಕು. ಮನೆಯ ಮಾತು ಮನೆಯಲ್ಲಿ ಎಂದು ಕಲಿತ ನಾಲಗೆ.

"ಹೌದು, ನಾನೇ ಬರೆದದ್ದು," ಎಂದೆ.

ಗಂಡನ ಮೇಲಿನ ಸಿಟ್ಟು ಒಂದು ಲೆಕ್ಕ. ಆ ಮಾತಿನ ಮೇಲಿನ ಸಿಟ್ಟು ಇನ್ನೊಂದು. ಅಪ್ಪನ ಗಂಟೆ, ಹಾಸ್ಟೆಲಿನ ಶಿಸ್ತು, ಮಾವನವರ ಮೆಟ್ಟಿಲು, ಎಲ್ಲವೂ ಸೇರಿ ಬಾಯಿಂದ ಆ ಮಾತು ಹೊರಡಿಸಿದವು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಫೋನ್ ಹಿಡಿದಿದ್ದವಳು ನಾನು. ಅಕ್ಕನವರಿಗೆ ಮಾತ್ರ ಒಮ್ಮೆ ಹೇಳಿಕೊಂಡೆ. "ನಿನ್ನ ಬಿಟ್ಟಿರಕ್ಕಾಗಲ್ಲ ಅಂತ ಹಾಗೆ ಮಾಡಿರೋದು ಕಣೆ, ಪುಣ್ಯವಂತೆ," ಎಂದರು. ಆಮೇಲೆ ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ.

ಮುಂದಿನ ಭಾನುವಾರ ಟೈಪ್‌ರೈಟರ್ ಬಂತು, ಮೆಟ್ಟಿಲು ಬಂತು. ನಾನು ಮೆಟ್ಟಿಲನ್ನು ಕೆಡಿಸಿ, ಕಾಗದಗಳನ್ನು ಜೋಡಿಸಿಕೊಂಡು, ಮೊದಲನೆಯದನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದೆ. ವಿಮೆಯ ಫಾರಂ. ಹಿಂಬದಿಯ ಸಣ್ಣ ಅಕ್ಷರವನ್ನೂ ಬಿಡಲಿಲ್ಲ. ಅವರು ನಿಂತೇ ಇದ್ದರು.

"ಇಷ್ಟೆಲ್ಲ ಓದ್ಬೇಕಾ?"

"ಓದ್ಬೇಕಿತ್ತು ಅಂದ್ರಲ್ಲ."

ಐದು ನಿಮಿಷದ ಕೆಲಸ ಒಂದೂವರೆ ಗಂಟೆಯಾಯಿತು. ಮುಂದೆ ಎಲ್ಲ ಭಾನುವಾರಗಳೂ ಹಾಗೇ. ಹಾಗೆಯೇ ಆಸ್ಪತ್ರೆಯಲ್ಲೂ ಹೇಳಿದೆ, ನಾನು ನೋಡಿದ ಸ್ಲೈಡಿಗೆ ನನ್ನ ಸಹಿ, ಇಲ್ಲವಾದರೆ ನೋಡುವುದಿಲ್ಲ ಎಂದು. ಜಗಳವಾಯಿತು. ಒಂದು ವರ್ಷ ಹಿಡಿಯಿತು. ಕೊನೆಗೆ ಕೊಟ್ಟರು.

ಐದು ವರ್ಷದ ಮೇಲೆ ನನ್ನ ಗಂಡನಿಗೆ ಮಂಡಿ ನೋವು ಶುರುವಾಯಿತು. ಮೇರಿಲ್ಯಾಂಡಿನ ಥಂಡಿ ಮೂಳೆಗೆ ಇಳಿದಿದೆ, ಒಣ ಹವೆ ಇರುವ ಕಡೆ ಹೋದರೆ ಒಳ್ಳೆಯದು ಎಂದು ಅವರ ಡಾಕ್ಟರು ಹೇಳಿದರಂತೆ. ಒಂದು ಭಾನುವಾರ ಕಾಗದಗಳ ಜೊತೆ ಒಂದು ಹೊಸದು ಇತ್ತು. ಟೂಸಾನಿನ ಆ ಆಸ್ಪತ್ರೆಗೇ, ನನ್ನ ಹೆಸರಿನಲ್ಲಿ, ಜಾಗವಿದ್ದರೆ ತಿಳಿಸಿ ಎಂದು ವಿಚಾರಿಸಿ ಟೈಪ್ ಮಾಡಿದ್ದರು. ಈ ಸಲ ಅದನ್ನೇ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು. ಕುರ್ಚಿಯಲ್ಲಿ ಕಾಲು ಚಾಚಿ ಕೂತು ನನ್ನ ಮುಖ ನೋಡುತ್ತಿದ್ದರು.

"ನೀನು ಆಸೆಪಟ್ಟಿದ್ದೆ ಅಲ್ವಾ," ಎಂದರು.

ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ಕೆಳಗೆ ನನ್ನ ಹೆಸರು, ಅದರ ಮೇಲೆ ಸಹಿಗೆ ಬಿಟ್ಟ ಜಾಗ. ಬೆಳಿಗ್ಗೆ ಐದರ ಆ ಬೀದಿ, ಚಪ್ಪರದ ಮೇಲಿನ ಬಿಳಿ ಪಂಚೆ, ನೀರಿಲ್ಲದ ನದಿ, ಎಲ್ಲ ಕಣ್ಣ ಮುಂದೆ ಬಂದವು. ಬಾರದೆ ಇರುತ್ತವೆಯೇ? ಆದರೆ ಮುಖ್ಯಸ್ಥರು ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಇಲ್ಲಿ ಜಗಳವಾಡಿ ನನ್ನ ಸಹಿ ಗಳಿಸಿಕೊಂಡಿದ್ದೆ. ನಾನು ಕೇಳಿದಾಗ ಮರವಿಲ್ಲದ ಊರು, ಅವರ ಮಂಡಿ ಕೇಳಿದಾಗ ನನ್ನ ಆಸೆ!

ಕಾಗದವನ್ನು ನೀಟಾಗಿ ಮಡಿಸಿ ಅವರ ಕಡೆ ಸರಿಸಿದೆ.

"ಓದಿದೆ," ಎಂದೆ. "ಸಹಿ ಹಾಕಲ್ಲ."

ಉಳಿದ ಕಾಗದಗಳಿಗೆ ಸಹಿ ಹಾಕಿ, ಟೈಪ್‌ರೈಟರಿಗೆ ಹೊದಿಕೆ ಹಾಕಿ, ಅವರ ಮಂಡಿಗೆ ಶಾಖ ಕೊಡಲೆಂದು ನೀರು ಕಾಯಿಸಲು ಹೋದೆ.