ಬನವಾಸಿಯವರ ದನಿಯಲ್ಲಿ ಕೇಳಿದ ಡಿಫೆನ್ಸ್ ಪಾಠ

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಶಿರಸಿಯಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ಕೂರುವ ನಾನು, ಬಂದ ಗಿರಾಕಿ ಮೆಟ್ಟಿಲಿಳಿಯುವುದರೊಳಗೆ ಅವರ ಕೆಮ್ಮು, ಕನ್ನಡಕ ಒರೆಸುತ್ತ ಹೇಳಿದ "ಎರಡೂ ಬದಿ ಬರ್ಬೇಕು ಹಾಂ" ಎಲ್ಲವನ್ನೂ ಒಪ್ಪಿಸಬಲ್ಲೆ. ನನ್ನನ್ನೂ ಬಿಡುವುದಿಲ್ಲ. ಆಟದಲ್ಲಿ ಸೋತ ಮೇಲೆ "ನೆಟ್‌ವರ್ಕ್ ಸರಿ ಇರಲಿಲ್ಲ" ಎಂದು ಮೂಗಿನಲ್ಲಿ ಎಳೆಯುವ ನನ್ನ ದನಿಯನ್ನು ನನಗಿಂತ ಚೆನ್ನಾಗಿ ಯಾರೂ ಅಣಕಿಸಲಾರರು. ಅಭ್ಯಾಸ ಅಷ್ಟಿದೆ.

ಆಟವೆಂದರೆ ಫೋನಿನ ಬಾಸ್ಕೆಟ್‌ಬಾಲ್. ಅದರಲ್ಲಿ ಚೆಂಡನ್ನು ನಾವು ಮುಟ್ಟುವುದಿಲ್ಲ. ತಂಡ ಕಟ್ಟಿ, ಹೊರಗೆ ಓಡಾಡುವ ಗಾರ್ಡುಗಳು, ಬುಟ್ಟಿಯ ಬಳಿ ನಿಲ್ಲುವ ಉದ್ದದವರು ಎಂದು ಐವರನ್ನು ಇಳಿಸಿ, ಎದುರಾಳಿಗಳಲ್ಲಿ ಯಾರನ್ನು ಯಾರು ತಡೆಯಬೇಕೆಂದು ಹೇಳಿ ಕೈಕಟ್ಟಿ ಕೂರಬೇಕು. ಉಳಿದದ್ದನ್ನು ಫೋನೇ ಆಡಿ ಮುಗಿಸುತ್ತದೆ. ಪ್ರತಿ ಆಟಗಾರನಿಗೂ ನೂರರೊಳಗಿನ ಹತ್ತಾರು ರೇಟಿಂಗು, ಎಲ್ಲದರ ಮೇಲೆ ದಪ್ಪಕ್ಷರದಲ್ಲಿ ಒಂದು ಓವರಾಲ್. ಶಿರಸಿ, ಸಿದ್ದಾಪುರ, ಯಲ್ಲಾಪುರ, ಬನವಾಸಿಯ ಎಂಟು ಜನರನ್ನು ಸೇರಿಸಿ ಲೀಗ್ ಶುರು ಮಾಡಿದ್ದು ನಾನು. ಸೀಸನ್ ಮುಗಿದಾಗ ಪಟ್ಟಿಯ ಕೊನೆಯಲ್ಲಿದ್ದವನು ಹೊರಗೆ ಎಂಬ ನಿಯಮ ಮಾಡಿದ್ದೂ ನಾನೇ. ಆ ಕೊನೆಯವನು ಬೇರೆ ಯಾರೋ ಆಗಿರುತ್ತಾನೆ ಎಂಬ ಧೈರ್ಯದಿಂದ ಮಾಡಿದ ನಿಯಮ ಅದು.

ಸಿದ್ದಾಪುರದ ಗೆಳೆಯನಿಗೆ ಆಟ ಕಲಿಸಿದ್ದೂ ನಾನು. ಯಾವ ಗುಂಡಿ ಒತ್ತಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ. ಮಾತು ಕಡಿಮೆಯವನು. ಮೂರನೆಯ ಸೀಸನ್ನಿಗೆ ಅವನು ಪಟ್ಟಿಯ ಮೇಲೆ, ನಾನು ಬುಡದಲ್ಲಿ. ಅವನ ತಂಡ ಅಂಕ ಗಳಿಸಿದ್ದು ಹೆಚ್ಚೇನಲ್ಲ, ಆದರೆ ಬಿಟ್ಟುಕೊಟ್ಟದ್ದು ಎಲ್ಲರಿಗಿಂತ ಕಡಿಮೆ. ಮೊದಲು ಲೀಗಿನವರ ಫೋನ್ ಗ್ರೂಪಿನಲ್ಲಿ ನನ್ನ ಅಣಕದ ಆಡಿಯೋಗಳಿಗೆ ಕಾಯುತ್ತಿದ್ದವರು ಈಗ "ಅಂವ ಎಂತ ಹೇಳ್ತಾ?" ಎಂದು ಅವನಿಗೆ ಕಾಯತೊಡಗಿದರು. ಹೊಟ್ಟೆಕಿಚ್ಚಿಗೂ ಒಂದು ರೇಟಿಂಗ್ ಇದ್ದಿದ್ದರೆ ನನ್ನ ತಂಡದ ಮ್ಯಾನೇಜರಾದ ನನಗೆ ತೊಂಬತ್ತೊಂಬತ್ತು.

ಈ ಕಿಚ್ಚು ಹಳೆಯದು. ನಮ್ಮ ಕಡೆ ಮದುವೆ, ಮುಂಜಿಯ ಊಟಕ್ಕೆ ನೆಂಟರ ಹುಡುಗರೇ ಬಡಿಸುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾರ ಕೈಗೆ ಏನು ಎಂದು ಹಂಚುವವನು ಆ ಸಿದ್ದಾಪುರದವನೇ. ಕೈ ನಡುಗದವನಿಗೆ ಸಾರಿನ ಬಕೆಟ್, ಕೊನೆಯ ಪಂಕ್ತಿಯವರೆಗೆ ಓಡಬಲ್ಲವನಿಗೆ ಅನ್ನ. ನನಗೆ ಯಾವತ್ತೂ ಉಪ್ಪು. "ನೀ ಅಲ್ಲಲ್ಲಿ ನಿಂತ್ಕಂಡು ಮಾತಾಡ್ತೆ ಮಾರಾಯಾ, ಉಪ್ಪು ತಣಿತಿಲ್ಲೆ" ಎನ್ನುತ್ತಿದ್ದ. ಅದು ನಿಜವೇ ಆದ್ದರಿಂದ ಇನ್ನಷ್ಟು ಉರಿಯುತ್ತಿತ್ತು.

ಒಂದೇ ಪಂದ್ಯ ಉಳಿದಾಗ ಬುಡದಲ್ಲಿ ಸಮಸಮ ನಿಂತವರು ಇಬ್ಬರು. ನಾನು, ಮತ್ತು ಬನವಾಸಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ ಹಿರಿಯರೊಬ್ಬರು. ನನ್ನ ಕೊನೆಯ ಪಂದ್ಯ ಸಿದ್ದಾಪುರದವನ ಮೇಲೆಯೇ. ನಾನೇ ಕಟ್ಟಿದ ಲೀಗಿನಿಂದ ನಾನೇ ಹೊರಬೀಳುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಅವನನ್ನೇ ಕೇಳಿದರೆ ಹೇಳುತ್ತಿದ್ದನೇನೋ. ಆದರೆ ಕೇಳುವುದಕ್ಕೆ ನನ್ನ ನಾಲಿಗೆ ಹೊರಳಬೇಕಲ್ಲ. ನನ್ನದು ಹೊರಳದಿದ್ದರೇನು, ಬೇರೆಯವರದ್ದು ಹೊರಳುತ್ತದೆ. ಅವನಿಗೆ ನಂಬರ್ ಗೊತ್ತಿಲ್ಲದ ಅಂಗಡಿಯ ಫೋನಿನಿಂದ ಅವನಿಗೆ ಹಚ್ಚಿದೆ.

"ನಮಸ್ಕಾರ್ರಿ. ನಾನ್ರೀ, ಬನವಾಸಿಯಿಂದ. ನನ್ ಫೋನ್ ನೀರಾಗ ಬಿತ್ತು, ಅಳಿಯನ ಫೋನಿಂದ ಮಾಡೇನ್ರಿ. ನಮ್ ಹುಡುಗ್ರು ಹಾಕಿದ್ದಕ್ಕಿಂತ ಬಿಟ್ಟಿದ್ದ ಜಾಸ್ತಿ ಆಗೇತಿ. ಡಿಫೆನ್ಸ್ ಹೆಂಗ್ ಕೂಡಸ್ತೀರಿ ನೀವು?"

"ಓವರಾಲ್ ನೋಡ್ಬೇಡಿ ಮಾರಾಯ್ರೆ," ಎಂದ. ಪರರೊಡನೆ ಅವನು ಇಷ್ಟು ಸಲೀಸಾಗಿ ಮಾತಾಡುವುದು ನನಗೆ ಗೊತ್ತೇ ಇರಲಿಲ್ಲ. "ಅದ್ರಲ್ಲಿ ಮುಕ್ಕಾಲು ಬಾಲ್ ಹಾಕೋ ರೇಟಿಂಗೇ ತುಂಬ್ಕಂಡಿರ್ತದೆ. ಎದುರಿನ ಗಾರ್ಡ್ ದೂರದಿಂದ ಹಾಕೋನಾ? ಅವನ ಮುಂದೆ ಹೊರಗಿನ ಡಿಫೆನ್ಸ್ ಜಾಸ್ತಿ ಇದ್ದೋನನ್ನ ನಿಲ್ಸಿ. ಬ್ಲಾಕು, ರಿಬೌಂಡು ರೇಟಿಂಗ್ ಇದ್ದ ಉದ್ದದೋನು ಬುಟ್ಟಿ ಹತ್ರನೇ ಇರ್ಲಿ, ಅವನನ್ನ ಹೊರಗೆ ಓಡಿಸ್ಬೇಡಿ. ಸ್ಟೀಲ್ ರೇಟಿಂಗ್ ಇದೆ ಅಂತ ಎಲ್ಲರಿಗೂ ಬಾಲ್ ಕಸಿಯೋಕೆ ಹೇಳಿದ್ರೆ ಬರೀ ಫೌಲ್. ಮತ್ತೆ ಸ್ಟ್ಯಾಮಿನಾ ನೋಡಿ. ಸುಸ್ತಾದ ಮೇಲೆ ಎಂಬತ್ತರೋನು ಐವತ್ತರೋನ ಹಾಗೆ ನಿಂತ್ಕಂಡಿರ್ತಾನೆ. ಓವರಾಲ್ ನಂಬಿದ್ರೆ ಏನಾಗ್ತದೆ ಅಂತ ನಮ್ಮ ಶಿರಸಿಯವನನ್ನೇ ನೋಡಿ."

ಅಲ್ಲಿಗೇ ಫೋನ್ ಇಡಬೇಕಿತ್ತು. "ಯಾಕ್ರೀ, ಅವ್ರೇನ್ ಮಾಡ್ಯಾರ?" ಎಂದೆ.

"ಅವನ ಹತ್ರ ತೊಂಬತ್ತೊಂದರ ಗಾರ್ಡ್ ಒಬ್ಬ ಇದ್ದಾನೆ. ಹೊರಗಿನ ಡಿಫೆನ್ಸ್ ಮೂವತ್ತೆಂಟು! ಬೆಂಚಲ್ಲಿ ಅರವತ್ನಾಲ್ಕರೋನೊಬ್ಬ ಕೂತಿದ್ದಾನೆ, ಡಿಫೆನ್ಸ್ ಎಂಬತ್ತಾರು. ಒಂದಿನನೂ ಇಳಿಸ್ಲಿಲ್ಲ."

"ಹೇಳ್ಬೇಕಿತ್ರೀ ಅವ್ರಿಗೆ."

"ಹೇಳ್ಬೇಕು ಅನ್ನಿಸ್ತದೆ. ಹೇಳಿದ್ರೆ ಸಂಜೆ ಒಳಗೆ ನನ್ ದನಿ ಮಾಡಿ ಗ್ರೂಪಿಗೆ ಹಾಕ್ತಾನೆ. ಎಲ್ರೂ ನಗ್ತಾರೆ. ನಾನೂ ನಗ್ತೇನೆ. ಆಮೇಲೆ ಬೇಜಾರಾಗ್ತದೆ. ಇರ್ಲಿ ಬಿಡಿ, ನೀವು ಉಳ್ಕೊಳ್ಬೇಕು. ಗೊತ್ತಾಗ್ಲಿಲ್ಲ ಅಂದ್ರೆ ಮತ್ತೆ ಫೋನ್ ಮಾಡಿ."

ಫೋನಿಟ್ಟ ಮೇಲೆ ನಾಚಿಕೆಯಾಯಿತು ಎಂದು ಬರೆದರೆ ಚೆಂದ. ಆದದ್ದು ಬೇರೆ. ನನ್ನನ್ನು ಬಿಟ್ಟು ಆ ಗೊಬ್ಬರದ ಅಂಗಡಿಯವರು ಉಳಿಯಬೇಕಂತೆ! ಅವರ ಮೇಲೂ ಕಿಚ್ಚು ಹತ್ತಿತು.

ಶನಿವಾರ ಮಧ್ಯಾಹ್ನ ತೊಂಬತ್ತೊಂದರವನನ್ನು ಬೆಂಚಿಗೆ ಕಳಿಸಿ ಅರವತ್ನಾಲ್ಕರವನನ್ನು ಇಳಿಸಿದೆ. ಪ್ರತಿ ಪಂದ್ಯದಲ್ಲೂ ಮೂವತ್ತರ ಹತ್ತಿರ ಹಾಕುವ ಗೆಳೆಯನ ಗಾರ್ಡ್ ಹನ್ನೊಂದಕ್ಕೆ ನಿಂತ. ನಾಲ್ಕು ಅಂಕದಿಂದ ಗೆದ್ದೆ. ಅದೇ ದಿನ ಬನವಾಸಿಯವರು ಸೋತು ಕೊನೆಯವರಾದರು. ಗ್ರೂಪಿನಲ್ಲಿ ನನ್ನ ಡಿಫೆನ್ಸನ್ನು ಹೊಗಳಿದ್ದೇ ಹೊಗಳಿದ್ದು. ನಾನೂ "ಡಿಫೆನ್ಸ್ ಅಂದ್ರೆ ತಲೆ ಬೇಕು" ಎಂದು ಒಂದು ಆಡಿಯೋ ಬಿಟ್ಟೆ. ನನ್ನ ಸ್ವಂತ ದನಿಯಲ್ಲಿ.

ಮರುದಿನ ಗೆಳೆಯನ ಫೋನ್ ಬಂತು.

"ಬನವಾಸಿಯವ್ರಿಗೆ ಸಮಾಧಾನ ಹೇಳಲೆ ಫೋನ್ ಮಾಡಿದ್ದಾಗಿತ್ತು. ಅವ್ರ ಫೋನ್ ನೀರಿಗೆ ಬಿದ್ದೇ ಇಲ್ಯಡ, ಅವ್ರೇ ಹೇಳಿದ್ರು. ಅಳಿಯನೂ ಇಲ್ಯಡ."

ಸಿಕ್ಕಿಬಿದ್ದೆ. "ನೆಟ್‌ವರ್ಕ್ ಸರಿ ಇಲ್ಲೆ" ಎಂದು ಮೂಗಿನಲ್ಲಿ ಎಳೆದೆ.

"ನಿಂಗೆ ಬೇಕಾಗಿದ್ರೆ ನೀನೇ ಕೇಳಲಾಗಿತ್ತು," ಎಂದ.

"ಕೇಳಿದ್ರೆ ಹೇಳ್ತಿದ್ಯ?"

"ಹೇಳ್ತಿದ್ದೆ. ಹೆದ್ರಿಕ್ಯಂಡೇ ಹೇಳ್ತಿದ್ದೆ." ಇಷ್ಟು ಹೇಳಿ ಇಟ್ಟುಬಿಟ್ಟ.

ಬನವಾಸಿಯವರಿಗೆ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ನನ್ನ ಜಾಗ ನಿಮ್ಮದು, ಹೊರಗೆ ಹೋಗುವವನು ನಾನು ಎಂದೆ. ಅವರಿಗೆ ಜಾಗದ ಚಿಂತೆಯೇ ಇರಲಿಲ್ಲ. "ಅದಿರ್ಲಿ ತಮ್ಮಾ, ನನ್ ದನಿ ಹೆಂಗ್ ಮಾಡಿದ್ರಿ? ಒಮ್ಮೆ ಕೇಳಸ್ರಿ ನೋಡೋಣು." ಕೇಳಿಸಿದೆ. "ಅಯ್ಯ ಶಿವನೆ, ಇಷ್ಟ್ ಮುದುಕ ಆಗೇನೇನ್ರೀ ನಾ!" ಎಂದು ನಕ್ಕರು. ಅಂದೇ ನಡೆದದ್ದನ್ನು ಗ್ರೂಪಿನಲ್ಲಿ ಬರೆದು ಲೀಗಿನಿಂದ ಹೊರಬಂದೆ.

ಈಗ ಹೊಸ ಸೀಸನ್ ನಡೆದಿದೆ. ನನಗೆ ತಂಡವಿಲ್ಲ. ಗಿರಾಕಿಗಳ ನಡುವೆ ಪಟ್ಟಿ ತೆರೆದು ನೋಡುತ್ತೇನೆ. ಬನವಾಸಿಯವರು ಮೂರನೆಯ ಸ್ಥಾನದಲ್ಲಿದ್ದಾರೆ. ಮೊನ್ನೆ ಶಿರಸಿಗೆ ಬಂದಾಗ ಅಂಗಡಿಗೆ ಬಂದು ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿಸಿದರು. "ನಿಮ್ ದೋಸ್ತ ಭಾಳ ಚೊಲೋ ಮನುಷ್ಯಾರಿ. ದಿನಾ ಅರ್ಧ ತಾಸು ಕೂತು ಕಲಸ್ತಾರ," ಎಂದರು. ನಾನು ಹಲ್ಲು ಕಿರಿದೆ. ಅವನು ನನ್ನೊಡನೆ ಅಷ್ಟು ಹೊತ್ತು, ಅಷ್ಟು ಬಿಚ್ಚಿ ಮಾತಾಡಿದ್ದು ಒಂದೇ ಸಲ. ಅದು ನನ್ನೊಡನೆ ಎಂದು ಅವನಿಗೆ ಗೊತ್ತಿರಲಿಲ್ಲ.